ಲೈನ್ ಕ್ಲಿಯರ್

ನಮ್ಮ ತಾತ ಬೀರೂರು–ಹುಬ್ಬಳ್ಳಿ ನಡುವಿನ ಮೀಟರ್ ಗೇಜ್ ಹಾದಿಯ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದ ಮೇಲೂ, ಮನೆಯಲ್ಲಿ ಯಾರಾದರೂ ನೆಂಟರ ಊರಿಗೆ ಹೊರಟು ನಿಂತರೆ "ಲೈನ್ ಕ್ಲಿಯರ್ ತಗೊಂಡ್ಯೇನಮ್ಮ?" ಎಂದು ಕೇಳುತ್ತಿದ್ದರು. ಹೋಗುವ ಮನೆಯವರಿಗೆ ಮೊದಲೇ ತಿಳಿಸಿದ್ದೀಯಾ ಎಂದು ಅದರ ಅರ್ಥ. ನಾವು ಮೊಮ್ಮಕ್ಕಳು ನಗುತ್ತಿದ್ದೆವು. ತಾತನಿಗೆ ಅದು ನಗುವ ಮಾತಾಗಿರಲಿಲ್ಲ.

ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗಬಾರದು. ಅದಕ್ಕಾಗಿ ಇದ್ದ ಏರ್ಪಾಡು ಸರಳವಾದದ್ದು. ಗಾಡಿ ಬಿಡುವ ಮೊದಲು ಮುಂದಿನ ಸ್ಟೇಷನ್ನಿಗೆ ಗಂಟೆಯ ಸಂಕೇತದಲ್ಲಿ ಕೇಳಬೇಕು. ಅಲ್ಲಿನವರು ಒಪ್ಪಿದರೆ ಮಾತ್ರ ಇಲ್ಲಿನ ಯಂತ್ರದಿಂದ ಲೋಹದ ಒಂದು ಚೆಂಡು ಹೊರಬರುತ್ತದೆ. ಅದನ್ನು ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡಬೇಕು. ಆ ಚೆಂಡು ಮುಂದಿನ ಸ್ಟೇಷನ್ನಿನ ಯಂತ್ರದೊಳಗೆ ಬೀಳುವವರೆಗೂ ಆ ಹಾದಿಗೆ ಇನ್ನೊಂದು ಚೆಂಡು ಸಿಗುವುದಿಲ್ಲ. "ನಮಗೆ ಒಳ್ಳೆ ಬುದ್ಧಿ ಇದೆಯೋ ಇಲ್ಲವೋ ಅಂತ ರೈಲ್ವೆ ಯಾವತ್ತೂ ಕೇಳಲಿಲ್ಲ. ಪಕ್ಕದ ಸ್ಟೇಷನ್ನನ್ನ ಕೇಳದೆ ಗಾಡಿ ಬಿಡೋಕೇ ಆಗದ ಹಾಗೆ ಮಾಡಿಟ್ಟಿತ್ತು, ಅಷ್ಟೆ" ಎನ್ನುತ್ತಿದ್ದರು ತಾತ. ಪಕ್ಕದ ಸ್ಟೇಷನ್ನಿನ ಮಾಸ್ಟರರ ಮುಖವನ್ನೇ ನೋಡದೆ ವರ್ಷಗಟ್ಟಲೆ ಅವರೊಡನೆ ಗಂಟೆಯಲ್ಲೇ ಮಾತಾಡಿದ್ದರಂತೆ.

ಸ್ವಾತಂತ್ರ್ಯಾನಂತರದ ಕಾರ್ಖಾನೆ ಅವಘಡಗಳ ಚರಿತ್ರೆಯ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಆ ವಿಷಯ ಹಿಡಿದವರು ಯಾರೂ ಭೋಪಾಲವನ್ನು ದಾಟಿ ಹೋಗುವಂತಿಲ್ಲ. ಮೊದಲ ಅಧ್ಯಾಯದ ಕರಡು ಕೊಟ್ಟಾಗ ನನ್ನ ಗೈಡ್ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಹಿಂತಿರುಗಿಸಿದ್ದರು: "ಮಾಹಿತಿ ಇರಲಿಲ್ಲವೋ, ಇದ್ದದ್ದು ತಲುಪಲಿಲ್ಲವೋ?" ಉತ್ತರ ಹುಡುಕುತ್ತ ಹೋದಂತೆ ತಾತನ ಚೆಂಡು ಮತ್ತೆ ಮತ್ತೆ ನೆನಪಾಯಿತು.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಇಂಡಿಯಾದ ಭೋಪಾಲ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ಸೇರಿತು. ಒಳಗಿದ್ದ ಮೀಥೈಲ್ ಐಸೋಸಯನೇಟ್ ಕುದಿದು, ನಡುರಾತ್ರಿಯ ನಂತರ ಸುಮಾರು 40 ಟನ್ ವಿಷಾನಿಲ ಊರಿನ ಮೇಲೆ ಹರಡಿತು. ಟ್ಯಾಂಕನ್ನು ತಣ್ಣಗಿಡಬೇಕಿದ್ದ ಶೈತ್ಯ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ಇವೆಲ್ಲ ಹಲವು ಪುಸ್ತಕಗಳಲ್ಲಿ ಬಂದಿವೆ. ನನಗೆ ಮುಖ್ಯವಾದದ್ದು ಆ ರಾತ್ರಿಯ ಟೆಲಿಫೋನು, ಸೈರನ್ನು ಮತ್ತು ತಂತಿ.

ಮೊದಲು ಗೈಡ್ ಕೇಳಿದ ಪ್ರಶ್ನೆಯ ಮೊದಲರ್ಧ. ಮಾಹಿತಿ ಇತ್ತು. ಈ ರಾಸಾಯನಿಕ ಉಸಿರಾಟಕ್ಕೆ ಎಷ್ಟು ಅಪಾಯಕಾರಿ ಎಂಬುದು ಕಂಪನಿಯ ಕೈಪಿಡಿಗಳಲ್ಲೇ ಇತ್ತು. 1981ರ ಡಿಸೆಂಬರಿನಲ್ಲಿ ಫಾಸ್ಜೀನ್ ತಗುಲಿ ಕಾರ್ಮಿಕರೊಬ್ಬರು ಸತ್ತಿದ್ದರು. 1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃ ಕಂಪನಿಯಿಂದ ಬಂದ ತಜ್ಞರು ಕಾರ್ಖಾನೆ ನೋಡಿ, ವಿಷಾನಿಲ ಹೊರಬೀಳುವ ಸಾಧ್ಯತೆಯನ್ನೂ ಸೇರಿಸಿ ಕೊರತೆಗಳ ಪಟ್ಟಿ ಬರೆದು ಹೋಗಿದ್ದರು. ಅದೇ ವರ್ಷ ರಾಜಕುಮಾರ್ ಕೇಸ್ವಾನಿ ಎಂಬ ಯುವ ಪತ್ರಕರ್ತ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆ 'ರಪಟ್'ನಲ್ಲಿ ಈ ಕಾರ್ಖಾನೆ ಊರನ್ನೇ ನುಂಗಬಹುದೆಂದು ಲೇಖನಗಳ ಮೇಲೆ ಲೇಖನ ಬರೆದರು. 1984ರ ಜೂನಿನಲ್ಲಿ 'ಜನಸತ್ತಾ'ದಲ್ಲಿ ಮತ್ತೆ ಬರೆದರು. 1982ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ, ಅಪಾಯವೇನೂ ಇಲ್ಲವೆಂದು ಕಾರ್ಮಿಕ ಸಚಿವರು ಉತ್ತರ ಕೊಟ್ಟರು.

ಹಾಗಾದರೆ ತಿಳಿದಿದ್ದವರು ಇದ್ದರು. ಕಾರ್ಖಾನೆಯ ಎಂಜಿನಿಯರಿಗೆ ಒಂದಿಷ್ಟು ಗೊತ್ತಿತ್ತು, ಕಾರ್ಮಿಕ ಸಂಘಕ್ಕೆ ಒಂದಿಷ್ಟು, ಪತ್ರಕರ್ತನಿಗೆ ಒಂದಿಷ್ಟು. ಗೊತ್ತಿಲ್ಲದವರ ಪಟ್ಟಿ ನೋಡಿ: ಕಾರ್ಖಾನೆಯಿಂದ ಕೆಲವೇ ಕಿಲೋಮೀಟರು ದೂರದ ಹಮೀದಿಯಾ ಆಸ್ಪತ್ರೆಯ ವೈದ್ಯರು, ಪೊಲೀಸ್ ಕಂಟ್ರೋಲ್ ರೂಮಿನವರು, ಗೋಡೆಗೆ ಅಂಟಿಕೊಂಡಂತಿದ್ದ ಜಯಪ್ರಕಾಶ ನಗರ, ಚೋಲಾ, ಕಾಜಿ ಕ್ಯಾಂಪ್ ಬಡಾವಣೆಗಳ ಜನ. ಅಂದರೆ ಅನಿಲ ಹೊರಬಂದರೆ ಏನಾದರೂ ಮಾಡಬೇಕಾದವರೆಲ್ಲ ಈ ಪಟ್ಟಿಯಲ್ಲಿದ್ದರು.

ಇನ್ನು ಆ ರಾತ್ರಿ. ಕಾರ್ಖಾನೆಯಲ್ಲಿ ಎರಡು ಬಗೆಯ ಎಚ್ಚರಿಕೆಗಳಿದ್ದವು, ಒಂದು ಒಳಗಿನವರಿಗೆ, ಇನ್ನೊಂದು ಊರಿಗೆ. ಮೊದಲು ಎರಡೂ ಕೂಡಿಕೊಂಡಿದ್ದವು. 1982ರಲ್ಲಿ ಅವುಗಳನ್ನು ಬೇರ್ಪಡಿಸಿದರು, ಸಣ್ಣಪುಟ್ಟ ಸೋರಿಕೆಗೆಲ್ಲ ಸುತ್ತಲಿನ ಜನ ಗಾಬರಿಯಾಗಬಾರದೆಂದು. ರಾತ್ರಿ 12.50ರ ಸುಮಾರಿಗೆ ಊರಿನ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಒಳಗಿನದು ಕೂಗುತ್ತಲೇ ಇತ್ತು. ಕಾರ್ಮಿಕರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಅದಕ್ಕೆ ಎದುರಾಗಿ ಓಡಿ ಪಾರಾದರು. ಅವರಿಗೆ ಅದು ಗೊತ್ತಿತ್ತು. ಗೋಡೆಯ ಈಚೆ ಮಲಗಿದ್ದವರು ಕಣ್ಣುರಿ ತಾಳಲಾರದೆ ಎದ್ದು, ಗಾಳಿ ಹೋಗುವ ದಿಕ್ಕಿಗೇ, ಅನಿಲದ ಜೊತೆಜೊತೆಗೇ ಓಡಿದರು.

ಓದುತ್ತಿದ್ದಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ. ಆ ರಾತ್ರಿ ಊರಿಗೆ ಬೇಕಿದ್ದ ಮಾಹಿತಿ ದೊಡ್ಡದಾಗಿರಲಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಗಾಳಿಗೆ ಎದುರಾಗಿ ಇಲ್ಲವೇ ಅಡ್ಡಲಾಗಿ ನಡೆಯಿರಿ, ಓಡಬೇಡಿ. ಧ್ವನಿವರ್ಧಕ ಕಟ್ಟಿದ ಒಂದು ಜೀಪಿನಲ್ಲಿ ಕೂಗಿ ಹೇಳಿ ಮುಗಿಸಬಹುದಾದಷ್ಟು. ಮೀಥೈಲ್ ಐಸೋಸಯನೇಟ್ ನೀರಿನೊಡನೆ ಕೂಡಿದರೆ ಬೇರೆಯಾಗಿಬಿಡುತ್ತದೆ. ಒದ್ದೆ ಬಟ್ಟೆಯಿಂದ ಎಲ್ಲರೂ ಉಳಿಯುತ್ತಿದ್ದರೆಂದು ಹೇಳಲಾಗದು, ಹಲವರು ಉಳಿಯುತ್ತಿದ್ದರು.

ಒಂದು ಗಂಟೆಯ ಹೊತ್ತಿಗೆ ಚೋಲಾ ಕಡೆಯ ಜನ ಓಡುತ್ತಿದ್ದಾರೆಂದು ಪೊಲೀಸ್ ಇನ್‌ಸ್ಪೆಕ್ಟರೊಬ್ಬರು ಎಸ್‌ಪಿಯವರಿಗೆ ಫೋನ್ ಮಾಡಿದರು. 1.25ರಿಂದ 2.10ರ ನಡುವೆ ಪೊಲೀಸರು ಕಾರ್ಖಾನೆಗೆ ಮತ್ತೆ ಮತ್ತೆ ಫೋನ್ ಮಾಡಿದರು. ಎರಡು ಸಲ ಎಲ್ಲ ಸರಿಯಾಗಿದೆ ಎಂಬ ಉತ್ತರ ಬಂತು. ಕೊನೆಯ ಸಲ, ಏನಾಗಿದೆಯೋ ನಮಗೆ ಗೊತ್ತಿಲ್ಲ ಎಂದರು. ಊರಿಗೆ ಕೇಳುವ ಸೈರನ್ ಪೂರ್ತಿ ದನಿಯಲ್ಲಿ ಮತ್ತೆ ಕೂಗಿದ್ದು ಎರಡು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಅನಿಲ ತನ್ನ ಕೆಲಸ ಮುಗಿಸಿತ್ತು.

ಹಮೀದಿಯಾ ಆಸ್ಪತ್ರೆಗೆ ಕಣ್ಣು ಕಾಣದ, ಉಸಿರು ಸಿಗದ ಜನ ಸಾಲುಗಟ್ಟಿ ಬರತೊಡಗಿದರು. ಯಾವ ಅನಿಲ ಎಂದು ಗೊತ್ತಾಗದೆ ಯಾವ ಔಷಧಿ ಕೊಡಬೇಕು? ಮೊದಲು ಅಮೋನಿಯಾ ಇರಬಹುದೆಂಬ ಸುದ್ದಿ ಬಂತು. ಆಮೇಲೆ ಫಾಸ್ಜೀನ್ ಎಂದಾಯಿತು. ಕೊನೆಗೆ 'ಎಂಐಸಿ' ಎಂಬ ಮೂರು ಅಕ್ಷರ ತಲುಪಿತು. ಆ ಮೂರು ಅಕ್ಷರ ಯಾವುದರ ಹೆಸರು ಎಂದು ಅಲ್ಲಿನ ವೈದ್ಯರು ಅದುವರೆಗೂ ಕೇಳಿರಲಿಲ್ಲ. ಅದಕ್ಕೆ ಮದ್ದೇನು ಎಂದು ಹೇಳುವವರೂ ಇರಲಿಲ್ಲ. ಇದು ಅಶ್ರುವಾಯುವಿನ ಹಾಗೆ, ಕಣ್ಣು ತೊಳೆದರೆ ಸಾಕು ಎಂಬ ಸಲಹೆ ಕಂಪನಿಯ ವೈದ್ಯರ ಕಡೆಯಿಂದ ಬಂದಿತ್ತು. ಸುದ್ದಿ ಬಂದೇ ಇಲ್ಲ ಎನ್ನುವಂತಿಲ್ಲ. ಬಂದ ಸುದ್ದಿಯಿಂದ ರೋಗಿಗಳಿಗೆ ಉಪಯೋಗವಾಗಲಿಲ್ಲ. ಪೊಲೀಸರು ಕಾರ್ಖಾನೆಯ ಫೋನ್ ನಂಬರ್ ಬಲ್ಲವರಾಗಿದ್ದರು, ಆದರೆ ಅಲ್ಲಿ ಯಾರನ್ನು ಏನು ಕೇಳಬೇಕು, ಅವರು ಏನನ್ನು ಹೇಳಲೇಬೇಕು ಎಂಬುದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. ಅದನ್ನು ಅದಕ್ಕೆ ಮೊದಲು ಯಾರೂ ಕೂತು ಮಾತಾಡಿರಲಿಲ್ಲ.

ಇದೇ ರಾತ್ರಿ, ಇದೇ ಅನಿಲದ ನಡುವೆ, ಒಂದು ಇಲಾಖೆ ಮಾತ್ರ ಬೇರೆ ರೀತಿ ನಡೆದುಕೊಂಡಿತು.

ಭೋಪಾಲ ರೈಲ್ವೆ ಸ್ಟೇಷನ್ ಕಾರ್ಖಾನೆಯಿಂದ ದೂರವೇನಿಲ್ಲ. ಅಂದು ಡೆಪ್ಯುಟಿ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್ ಪಾಳಿಯಲ್ಲಿದ್ದರು. ಅವರ ಕಥೆ ಸರ್ಕಾರಿ ಕಡತಕ್ಕಿಂತ ಹೆಚ್ಚಾಗಿ ಅವರ ಕುಟುಂಬದವರ ಮತ್ತು ಸಹೋದ್ಯೋಗಿಗಳ ನೆನಪಿನಲ್ಲಿ ಉಳಿದು ಬಂದದ್ದು. ಆಫೀಸಿನಿಂದ ಹೊರಬಂದಾಗ ಕಣ್ಣು, ಗಂಟಲು ಉರಿಯತೊಡಗಿತು. ಪ್ಲಾಟ್‌ಫಾರಂನಲ್ಲಿ ಗೋರಖಪುರದಿಂದ ಮುಂಬಯಿಗೆ ಹೋಗುವ ಎಕ್ಸ್‌ಪ್ರೆಸ್ ನಿಂತಿತ್ತು. ತುಂಬಿದ ಗಾಡಿ. ಹೊರಡುವ ಸಮಯವಿನ್ನೂ ಆಗಿರಲಿಲ್ಲ. ಮೇಲಿನಿಂದ ಆದೇಶ ಬರುವವರೆಗೆ ಕಾಯದೆ, ತಮ್ಮ ಹೊಣೆಯಲ್ಲಿ ಅದನ್ನು ಬಿಡಿಸಿ ಕಳಿಸಿದರು. ವಿದಿಶಾ, ಇಟಾರ್ಸಿ ಕಡೆಯ ಸ್ಟೇಷನ್ನುಗಳಿಗೆ ಭೋಪಾಲದತ್ತ ಗಾಡಿ ಬಿಡಬೇಡಿ ಎಂಬ ಸಂದೇಶ ಹೋಯಿತು. ಅಕ್ಕಪಕ್ಕದ ಸ್ಟೇಷನ್ನುಗಳು ಗಾಡಿಗಳನ್ನು ತಡೆದವು. ದಸ್ತಗೀರ್ ಪ್ಲಾಟ್‌ಫಾರಂ ಬಿಟ್ಟು ಹೋಗಲಿಲ್ಲ. ಸ್ಟೇಷನ್ ಸೂಪರಿಂಟೆಂಡೆಂಟ್ ಹರೀಶ್ ಧುರ್ವೆ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ರೈಲ್ವೆ ನೌಕರರು ಸತ್ತರು. ಗಂಟಲಿನ ಹುಣ್ಣು, ಉಸಿರಾಟದ ತೊಂದರೆ ದಸ್ತಗೀರ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 2003ರಲ್ಲಿ ಅವರು ತೀರಿಕೊಂಡರು. ಇತ್ತೀಚೆಗೆ ವೆಬ್ ಸರಣಿಯೊಂದು ಬಂದು ರೈಲ್ವೆಯವರ ಈ ಕಥೆ ಹೊಸ ತಲೆಮಾರಿಗೂ ಮುಟ್ಟಿದೆ.

ಇದನ್ನು ಒಬ್ಬ ಮನುಷ್ಯನ ಧೈರ್ಯದ ಕಥೆಯಾಗಿ ಹೇಳುವುದೇ ರೂಢಿ. ಧೈರ್ಯವಂತೂ ಹೌದು. ಆದರೆ ಸ್ಟೇಷನ್ ಮಾಸ್ಟರರ ಮೊಮ್ಮಗಳಾದ ನನಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಭೋಪಾಲ ದೊಡ್ಡ ಜಂಕ್ಷನ್, ಅಲ್ಲಿ ನಮ್ಮ ತಾತನ ಚೆಂಡು ಮತ್ತು ಬೆತ್ತದ ಬಳೆ ಇರಲಿಲ್ಲ. ಪದ್ಧತಿಯ ಜೀವ ಮಾತ್ರ ಅದೇ. ನನ್ನ ಹಳಿಯ ಮೇಲೆ ಏನಾಗುತ್ತಿದೆ ಎಂದು ಪಕ್ಕದವನಿಗೆ ಹೇಳದೆ ರೈಲ್ವೆಯಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಸಂದೇಶ ಕೊಟ್ಟವನಿಗೆ ಯಾರಿಗೆ ಕೊಡಬೇಕೆಂದು ಗೊತ್ತಿತ್ತು. ಪಡೆದವನಿಗೆ ಅದನ್ನು ನಂಬಬೇಕೆಂದು ಗೊತ್ತಿತ್ತು, ನಂಬಿ ಏನು ಮಾಡಬೇಕೆಂಬುದೂ ಗೊತ್ತಿತ್ತು. ಪಕ್ಕದ ಸ್ಟೇಷನ್ನಿನವರು 'ಯಾವ ಅನಿಲ? ಯಾರ ಆದೇಶ?' ಎಂದು ಕೇಳುತ್ತ ಕೂತಿದ್ದರೆ ಗಾಡಿ ಬಂದೇ ಬಿಡುತ್ತಿತ್ತು. ದಸ್ತಗೀರರ ಧೈರ್ಯಕ್ಕೆ ಆಡಿಕೊಳ್ಳಲು ಒಂದು ತಂತಿಯಿತ್ತು, ಆ ತಂತಿಯ ಇನ್ನೊಂದು ತುದಿಯಲ್ಲಿ ದಿನವೂ ಕೇಳಿ ಅಭ್ಯಾಸವಿದ್ದ ಕಿವಿಯಿತ್ತು. ಕಾರ್ಖಾನೆಯಲ್ಲಿದ್ದ ಯಾರಿಗಾದರೂ ಅಷ್ಟೇ ಧೈರ್ಯ ಬಂದಿದ್ದರೂ ಊರಿನ ಕಡೆಗೆ ಅಂಥ ತಂತಿ ಇರಲಿಲ್ಲ.

ದುರಂತ ಆ ರಾತ್ರಿಗೇ ಮುಗಿದಿದ್ದರೆ ಇದನ್ನು ಆತುರ, ಗಾಬರಿ ಎಂದು ಹೇಳಿ ಮುಗಿಸಬಹುದಿತ್ತು. ಮುಂದಿನ ದಿನಗಳಲ್ಲಿ ಸಮಯವಿತ್ತು, ಫೋನುಗಳಿದ್ದವು, ದೇಶವಿದೇಶದ ತಜ್ಞರು ಬಂದಿದ್ದರು. ಆಗಲೂ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಾಗವಾಗಿ ಹೋಗಲಿಲ್ಲ.

ಶವಪರೀಕ್ಷೆ ಮಾಡಿದ ಗಾಂಧಿ ಮೆಡಿಕಲ್ ಕಾಲೇಜಿನ ಡಾ. ಹೀರೇಶ್ ಚಂದ್ರ ಅವರಿಗೆ ಸತ್ತವರ ರಕ್ತ ವಿಚಿತ್ರವಾಗಿ ಕೆಂಪಾಗಿರುವುದು ಕಂಡು ಸಯನೈಡಿನ ಅನುಮಾನ ಬಂತು. ಸಯನೈಡಿಗೆ ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದಿದೆ. ಜರ್ಮನಿಯ ವಿಷಶಾಸ್ತ್ರಜ್ಞ ಮ್ಯಾಕ್ಸ್ ಡೌಂಡರರ್ ಅದನ್ನು ಹೊತ್ತು ತಂದರು. ಸಯನೈಡ್ ಅನುಮಾನವಿದ್ದರೆ ಅದನ್ನು ಕೊಡಿ ಎಂದು ಮೊದಲು ಟೆಲೆಕ್ಸ್ ಕಳಿಸಿದ್ದ ಕಂಪನಿಯ ಕಡೆಯವರು ಆಮೇಲೆ ಆ ಮಾತು ಬದಲಿಸಿದರು. ಏಕೆಂದರೆ ರಕ್ತದಲ್ಲಿ ಸಯನೈಡ್ ಇದೆ ಎಂದರೆ ವಿಷ ಶ್ವಾಸಕೋಶದಲ್ಲಿ ನಿಲ್ಲದೆ ಇಡೀ ಮೈಗೆ ಹರಡಿದೆ ಎಂದಾಗುತ್ತದೆ. ಆಗ ಪರಿಹಾರದ ಲೆಕ್ಕವೂ ಬದಲಾಗುತ್ತದೆ. ವೈದ್ಯಕೀಯ ಪ್ರಶ್ನೆಯೊಂದು ಕೋರ್ಟಿನ ಪ್ರಶ್ನೆಯಾಯಿತು. ಐಸಿಎಂಆರ್ ಪರೀಕ್ಷೆ ನಡೆಸಿ 1985ರ ಆರಂಭದಲ್ಲಿ ಥಯೋಸಲ್ಫೇಟ್ ಬಳಸಬಹುದೆಂದು ಹೇಳಿದ ಮೇಲೂ ಅದು ಎಲ್ಲರಿಗೆ ಸಿಗಲಿಲ್ಲ. ಅದೇ ಜೂನಿನಲ್ಲಿ, ಸ್ವಯಂಸೇವಕ ವೈದ್ಯರು ಈ ಚುಚ್ಚುಮದ್ದು ಕೊಡುತ್ತಿದ್ದ ಜನ ಸ್ವಾಸ್ಥ್ಯ ಕೇಂದ್ರದ ಮೇಲೆ ಪೊಲೀಸರು ದಾಳಿ ಮಾಡಿ ರೋಗಿಗಳ ದಾಖಲೆಗಳನ್ನು ಹೊತ್ತೊಯ್ದರು. ಕೆಲವೇ ತಿಂಗಳ ಹಿಂದೆ ಯಾವ ಅನಿಲವೆಂದು ಗೊತ್ತಾಗದೆ ಜನ ಸತ್ತ ಊರಿನಲ್ಲಿ, ಯಾವ ರೋಗಿಗೆ ಯಾವ ಮದ್ದು ನಾಟಿತು ಎಂಬ ಟಿಪ್ಪಣಿ ಜಪ್ತಿಯ ವಸ್ತುವಾಯಿತು.

ಇನ್ನೊಂದು ಘಟನೆ ಇದಕ್ಕಿಂತ ಮೊದಲಿನದು, ಅನಿಲ ಸೋರಿ ಎರಡು ವಾರವಾದಾಗಿನದು. ಕಾರ್ಖಾನೆಯಲ್ಲಿ ಉಳಿದಿದ್ದ ಎಂಐಸಿಯನ್ನು ಕೀಟನಾಶಕವಾಗಿ ಮಾರ್ಪಡಿಸಿ ಮುಗಿಸಬೇಕೆಂದು ನಿರ್ಧಾರವಾಯಿತು. ಸಿಎಸ್‌ಐಆರ್‌ನ ಮಹಾನಿರ್ದೇಶಕ ಎಸ್. ವರದರಾಜನ್ ಅದರ ಮುಂದಾಳು. ಡಿಸೆಂಬರ್ 16ರಂದು ಶುರುವಾದ ಈ ಕೆಲಸಕ್ಕೆ 'ಆಪರೇಷನ್ ಫೇತ್' ಎಂದು ಹೆಸರಿಟ್ಟರು. ಫೇತ್ ಅಂದರೆ ನಂಬಿಕೆ. ಭಯಪಡುವಂಥದ್ದೇನೂ ಇಲ್ಲವೆಂದು ಸರ್ಕಾರ ಸಾರಿತು. ಬೇಲಿಗೆ ಒದ್ದೆ ಬಟ್ಟೆ ಕಟ್ಟಿದರು, ಮೇಲಿನಿಂದ ಹೆಲಿಕಾಪ್ಟರ್ ನೀರು ಚಿಮುಕಿಸಿತು, ಮುಖ್ಯಮಂತ್ರಿ ಅರ್ಜುನ್ ಸಿಂಗ್ ತಾವೇ ಕಾರ್ಖಾನೆಗೆ ಹೋಗಿ ಕೂತರು. ಜನ ನಂಬಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಲಕ್ಷಾಂತರ ಮಂದಿ ಊರು ಬಿಟ್ಟರು. ಕೆಲಸ ಸುರಕ್ಷಿತವಾಗಿ ಮುಗಿಯಿತು, ಸರ್ಕಾರ ಈ ಸಲ ನಿಜವನ್ನೇ ಹೇಳಿತ್ತು. ಆದರೆ ಅಪಾಯವಿಲ್ಲ ಎಂಬ ಮಾತನ್ನು ಆ ಊರು 1982ರಲ್ಲೂ ಕೇಳಿತ್ತು, ಎಲ್ಲ ಸರಿಯಾಗಿದೆ ಎಂಬುದನ್ನು ಡಿಸೆಂಬರ್ 3ರ ಬೆಳಗಿನ ಜಾವ ಕೇಳಿತ್ತು. ಒಮ್ಮೆ ಸುಳ್ಳಾದ ಗಂಟೆಯ ಸಂಕೇತಕ್ಕೆ ಆಮೇಲೆ ಯಾವ ಸ್ಟೇಷನ್ ಮಾಸ್ಟರೂ ಗಾಡಿ ಬಿಡುವುದಿಲ್ಲ.

ಸರ್ಕಾರ ಒಪ್ಪಿಕೊಂಡ ಸಾವಿನ ಸಂಖ್ಯೆ ಮೊದಲು 2,259 ಇತ್ತು, ಆಮೇಲೆ ಮಧ್ಯಪ್ರದೇಶ ಸರ್ಕಾರ 3,787 ಎಂದಿತು. 2006ರ ಪ್ರಮಾಣಪತ್ರವೊಂದರಲ್ಲಿ ಗಾಯಗೊಂಡವರು 5,58,125 ಎಂದು ಬರೆಯಲಾಗಿದೆ. ಬದುಕುಳಿದವರ ಸಂಘಟನೆಗಳು ಸಾವಿನ ಲೆಕ್ಕವನ್ನು ಇಂದಿಗೂ ಒಪ್ಪಿಲ್ಲ.

ಭೋಪಾಲದ ನಂತರ ಕಾನೂನುಗಳು ಬಂದವು. ಅಮೆರಿಕ 1986ರಲ್ಲೇ, ಕಾರ್ಖಾನೆಯಲ್ಲಿ ಯಾವ ರಾಸಾಯನಿಕವಿದೆ ಎಂದು ಸುತ್ತಲಿನ ಜನಕ್ಕೆ ತಿಳಿಯುವ ಹಕ್ಕನ್ನು ಕಾನೂನಾಗಿಸಿತು. ನಮ್ಮಲ್ಲಿ ಅದೇ ವರ್ಷ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಕಾರ್ಖಾನೆಗಳು ಕಾರ್ಮಿಕರಿಗೂ ಸ್ಥಳೀಯ ಆಡಳಿತಕ್ಕೂ ಸುತ್ತಲಿನ ಜನರಿಗೂ ಮಾಹಿತಿ ಕೊಡುವುದು ಕಡ್ಡಾಯವಾಯಿತು. 1989ರ ನಿಯಮಗಳು ಗೋಡೆಯ ಹೊರಗಿನ ತುರ್ತು ಯೋಜನೆ ಇರಬೇಕೆಂದವು. 1996ರ ನಿಯಮಗಳು ಜಿಲ್ಲಾಧಿಕಾರಿಯ ಮುಂದಾಳುತನದಲ್ಲಿ ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆ, ಕಾರ್ಖಾನೆಯವರು ಒಂದೇ ಮೇಜಿನ ಸುತ್ತ ಕೂರುವ ಗುಂಪುಗಳನ್ನು ಮಾಡಿಸಿದವು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯೂ ಬಂತು. ಈ ಕಾಯ್ದೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ, ಆ ರಾತ್ರಿ ಇರದಿದ್ದ ತಂತಿಗಳನ್ನು ಒಂದೊಂದಾಗಿ ಎಳೆಯಲು ಹೊರಟಿರುವುದು ಕಾಣುತ್ತದೆ.

ಎಳೆದ ತಂತಿಯಲ್ಲಿ ದಿನವೂ ಮಾತು ಹರಿಯದಿದ್ದರೆ ಏನಾಗುತ್ತದೆ? 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಸೋರಿತು. ಪಕ್ಕದ ಆರ್.ಆರ್. ವೆಂಕಟಾಪುರಂ ಮತ್ತು ಸುತ್ತಲಿನ ಜನ ನಿದ್ದೆಯಲ್ಲಿದ್ದರು. ಹನ್ನೆರಡು ಮಂದಿ ಸತ್ತರು. ಕಾರ್ಖಾನೆಯ ತುಂಬ ಸೈರನ್ ಗುಂಡಿಗಳಿದ್ದರೂ ಯಾರೂ ಅವನ್ನು ಒತ್ತಿರಲಿಲ್ಲ ಎಂದು ರಾಜ್ಯ ಸರ್ಕಾರ ನೇಮಿಸಿದ ಸಮಿತಿ ವರದಿ ಕೊಟ್ಟಿತು. ಭೋಪಾಲದಲ್ಲಿ ಸೈರನ್ ಸ್ವಲ್ಪ ಹೊತ್ತಾದರೂ ಕೂಗಿತ್ತು.

2025ರ ಜನವರಿ ಮೊದಲ ದಿನದ ರಾತ್ರಿ, ಭೋಪಾಲದ ಆ ಹಾಳು ಕಾರ್ಖಾನೆಯಲ್ಲಿ ನಲವತ್ತು ವರ್ಷ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು ಹನ್ನೆರಡು ಲಾರಿಗಳಲ್ಲಿ ತುಂಬಿ, ಸುಮಾರು 250 ಕಿಲೋಮೀಟರು ದೂರದ ಪೀಥಂಪುರಕ್ಕೆ ಸುಡಲೆಂದು ಕಳಿಸಿದರು. ದಾರಿಯುದ್ದಕ್ಕೂ 'ಗ್ರೀನ್ ಕಾರಿಡಾರ್', ಎಲ್ಲೂ ತಡೆಯಿಲ್ಲ. ಲಾರಿಗಳಿಗೆ ಪೂರ್ತಿ ಲೈನ್ ಕ್ಲಿಯರ್. ಪೀಥಂಪುರದ ಜನ ಬೀದಿಗಿಳಿದರು. ಕಲ್ಲು ತೂರಾಟ, ಲಾಠಿ, ಇಬ್ಬರಿಂದ ಮೈಗೆ ಬೆಂಕಿ ಹಚ್ಚಿಕೊಳ್ಳುವ ಯತ್ನ. ಜನರಿಗೆ ತಿಳಿವಳಿಕೆ ಕೊಡಲು ಕಾಲಾವಕಾಶ ಬೇಕೆಂದು ಸರ್ಕಾರ ಆಮೇಲೆ ಹೈಕೋರ್ಟನ್ನು ಕೇಳಿಕೊಂಡಿತು. ಪ್ರಾಯೋಗಿಕವಾಗಿ ಸುಟ್ಟು, ಹೊಗೆಯನ್ನು ಪರೀಕ್ಷಿಸಿ, ಕೊನೆಗೆ ಜೂನ್ ತಿಂಗಳ ಕೊನೆಯ ಹೊತ್ತಿಗೆ ಎಲ್ಲವನ್ನೂ ಸುಟ್ಟು ಮುಗಿಸಿದರು. ತಿಳಿವಳಿಕೆ ಕೊಡುವ ಕೆಲಸ ಲಾರಿ ಹೊರಡುವ ಮೊದಲು ಆಗಬೇಕಿತ್ತು. ಮುಂದಿನ ಸ್ಟೇಷನ್ನನ್ನು ಕೇಳದೆ ಗಾಡಿ ಬಿಟ್ಟಿದ್ದರು.

ಕರಡಿನ ಎರಡನೇ ಪ್ರತಿಯಲ್ಲಿ ಗೈಡ್ ಅವರ ಪ್ರಶ್ನೆಗೆ ನಾನು ಹೀಗೆ ಉತ್ತರ ಬರೆದಿದ್ದೇನೆ: ಮಾಹಿತಿ ಇತ್ತು, ಅದನ್ನು ಕೊಡಲೇಬೇಕಾದವರು ಯಾರು, ಕೇಳಲೇಬೇಕಾದವರು ಯಾರು ಎಂಬುದು ದುರಂತಕ್ಕೆ ಮೊದಲು ನಿರ್ಧಾರವಾಗಿರಲಿಲ್ಲ, ದುರಂತದ ರಾತ್ರಿ ಅದನ್ನು ನಿರ್ಧರಿಸಲು ಸಮಯವಿರುವುದಿಲ್ಲ. ಅವರು ಇನ್ನೂ ಓದಿ ಹಿಂತಿರುಗಿಸಿಲ್ಲ.

ಓದುವ ನಿಮ್ಮ ಊರಿನ ಪಕ್ಕದಲ್ಲೂ ಒಂದು ಕೈಗಾರಿಕಾ ಪ್ರದೇಶವಿರಬಹುದು. ಅಲ್ಲಿನ ಟ್ಯಾಂಕುಗಳಲ್ಲಿ ಏನಿದೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಗೊತ್ತಿದೆಯೇ? ಹೋದವಾರ ನಮ್ಮೂರಿನ ಬಗ್ಗೆ ಇದನ್ನೇ ಕೇಳಿಕೊಂಡು ಕೂತಿದ್ದೆ. ತಾತ ಇದ್ದಿದ್ದರೆ, ಕೂತು ಯೋಚಿಸಬೇಡ, ಎದ್ದು ಹೋಗಿ ಕೇಳಿಕೊಂಡು ಬಾ ಎನ್ನುತ್ತಿದ್ದರು. ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆದು ಕಳಿಸಿದ್ದೇನೆ.